ಕಂಡಿಲ್ಲ ಎಂದು ಬರೆಯುವುದು

ಭಾಲ್ಕಿಯ ಐಶ್ವರ್ಯಾ ಬೀದರದ ಆಸ್ಪತ್ರೆಯೊಂದರಲ್ಲಿ ರೇಡಿಯಾಲಜಿ ಎಂ.ಡಿ. ಎರಡನೆಯ ವರ್ಷದಲ್ಲಿದ್ದಳು. ಕೈ ಚುರುಕು. ಜೊತೆಯವರು ಹದಿನೈದು ಹೊಟ್ಟೆಯ ಸ್ಕ್ಯಾನ್ ಮುಗಿಸುವಷ್ಟರಲ್ಲಿ ಇವಳದು ಇಪ್ಪತ್ತೈದು ಆಗಿರುತ್ತಿದ್ದವು. ಹೊರಗಿನ ಬೆಂಚಿನ ಮೇಲಿನ ಜನ ಬೇಗ ಕರಗಿದರೆ ಅವಳಿಗೆ ಹುರುಪು.

ಔರಾದಿನ ಬಟ್ಟೆ ಅಂಗಡಿಯ ಮನ್ಮಥಪ್ಪ ಬಂದದ್ದು ಒಂದು ಸೋಮವಾರ. ಭಾರಿ ಮೈಯ ಮನುಷ್ಯ. ಹಿಂದಿನ ದಿನದಿಂದ ಹೊಟ್ಟೆನೋವು. ಅಪೆಂಡಿಕ್ಸ್ ಇರಬಹುದೇ ನೋಡಿ ಎಂದು ಔರಾದಿನ ಡಾಕ್ಟರ್ ನಂದಕುಮಾರ ಚೀಟಿ ಬರೆದು ಕಳಿಸಿದ್ದರು. ಐಶ್ವರ್ಯಾ ಜೆಲ್ ಹಚ್ಚಿ, ಪ್ರೋಬ್ ಒತ್ತಿ ನೋಡಿದಳು. ಬೊಜ್ಜು, ಅದರ ಕೆಳಗೆ ಗಾಳಿ ತುಂಬಿದ ಕರುಳು. ಅಪೆಂಡಿಕ್ಸ್ ಸಿಗಲಿಲ್ಲ. ಎರಡು ನಿಮಿಷ ಹುಡುಕಿ ಬಿಟ್ಟಳು. ಲಿವರ್, ಕಿಡ್ನಿ ಎಲ್ಲ ಸರಿ ಇವೆ, ಹೇಳಿಕೊಳ್ಳುವಂಥ ದೋಷವೇನೂ ಇಲ್ಲ ಎಂದು ಬರೆದು ಸಹಿ ಹಾಕಿದಳು. ದಿನಕ್ಕೆ ಹತ್ತು ಸಲ ಬರೆಯುತ್ತಿದ್ದ ಸಾಲು ಅದು.

ಬುಧವಾರ ಮಧ್ಯಾಹ್ನ ಮನ್ಮಥಪ್ಪನನ್ನು ಸ್ಟ್ರೆಚರಿನ ಮೇಲೆ ತಂದರು. ಅಪೆಂಡಿಕ್ಸ್ ಒಡೆದು ಹೊಟ್ಟೆಯಲ್ಲಿ ಕೀವು ಹರಡಿತ್ತು. ಆಪರೇಷನ್ ಆಯಿತು, ಜೀವ ಉಳಿಯಿತು.

ಮರುದಿನ ವಿಭಾಗದ ಮುಖ್ಯಸ್ಥೆ ಡಾಕ್ಟರ್ ಪ್ರಮಿಲಾ ಅವಳನ್ನು ಕಂಪ್ಯೂಟರಿನ ಮುಂದೆ ಕೂಡಿಸಿಕೊಂಡು ಸೋಮವಾರದ ಚಿತ್ರಗಳನ್ನು ಒಂದೊಂದಾಗಿ ತೆಗೆಸಿದರು.

"ಇದರಾಗ ಅಪೆಂಡಿಕ್ಸ್ ಎಲ್ಲಿ ಅದ?"

"ಸಿಗಲಿಲ್ರಿ ಮೇಡಂ."

"ಸಿಗಲಿಲ್ಲ ಅಂತ ಎಲ್ಲಿ ಬರದಿ?"

ಐಶ್ವರ್ಯಾ ತನ್ನ ರಿಪೋರ್ಟ್ ತೆರೆದಳು; ಆ ಮಾತು ಅದರಲ್ಲಿ ಎಲ್ಲೂ ಇರಲಿಲ್ಲ.

"ಭಾಳ ಮಂದ್ಯಾಗ ಅದು ಕಾಣಂಗಿಲ್ಲ. ನನಗೂ ಕಾಣಂಗಿಲ್ಲ. ಅದು ನಿನ್ನ ತಪ್ಪಲ್ಲ. ಆದ್ರ ಔರಾದದಾಗ ಕೂತ ಡಾಕ್ಟರಿಗೆ ನೀ ಬರದದ್ದಷ್ಟೇ ಗೊತ್ತು. ಅವರಿಗೆ ಫೋನ್ ಹಚ್ಚು, ಏನು ತಿಳ್ಕೊಂಡ್ರು ಕೇಳು."

ಅವಳು ಅಲ್ಲಿಂದಲೇ ಫೋನ್ ಮಾಡಿದಳು. ನಂದಕುಮಾರ ಸಿಟ್ಟಿಗೇಳಲಿಲ್ಲ. "ನಿಮ್ಮ ರಿಪೋರ್ಟ್ ನೋಡಿ ಅಪೆಂಡಿಕ್ಸ್ ಛಲೋ ಅದ ಅಂತ ತಿಳ್ಕೊಂಡೆರಿ. ಗ್ಯಾಸಿನ ಗುಳಗಿ ಕೊಟ್ಟು ಮನಿಗೆ ಕಳಿಸಿದೆ. ಕಂಡಿಲ್ಲ ಅಂತ ಬರದಿದ್ರ ಅವತ್ತೇ ಸಿಟಿ ಸ್ಕ್ಯಾನ್ ಮಾಡಸ್ತಿದ್ದೆ," ಎಂದರು. ಫೋನ್ ಇಡುವ ಮುನ್ನ, "ನಾನೂ ಇನ್ನೊಮ್ಮೆ ಕೈ ಹಚ್ಚಿ ನೋಡಬೇಕಿತ್ತು ಬಿಡ್ರಿ," ಎಂದರು.

ಸಂಜೆ ಯಾರೂ ಹೇಳದಿದ್ದರೂ ಅವಳು ವಾರ್ಡಿಗೆ ಹೋದಳು. ಮನ್ಮಥಪ್ಪ ಕಣ್ಣು ಮುಚ್ಚಿ ಮಲಗಿದ್ದ. ಪಕ್ಕದ ಸ್ಟೂಲಿನ ಮೇಲೆ ಹೆಂಡತಿ ಕಸ್ತೂರಿಬಾಯಿ.

"ಸೋಮವಾರ ಸ್ಕ್ಯಾನ್ ಮಾಡಿದಾಕಿ ನಾನೇರಿ. ಅಪೆಂಡಿಕ್ಸ್ ನನಗ ಕಂಡಿರಲಿಲ್ಲ. ಹಂಗಂತ ಬರೀಬೇಕಿತ್ತು, ಬರೀಲಿಲ್ಲ. ನನ್ನ ತಪ್ಪಾತ್ರಿ."

ಕಸ್ತೂರಿಬಾಯಿ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಮಂಗಳವಾರ ಇಡೀ ದಿನ ಒದ್ದಾಡಿದ್ರು. ನಾನೇ ಬೈದೆ. ಮಷಿನ್ದಾಗ ಏನೂ ಇಲ್ಲಂದಾರ, ಸುಮ್ಮ ಮಲ್ಕೋರಿ ಅಂದೆ." ಗಂಡನ ಹೊದಿಕೆ ಸರಿಮಾಡತೊಡಗಿದಳು. ಐಶ್ವರ್ಯಾ ಹೊರಬಂದಳು. ಆ ಹೆಂಗಸು ತನ್ನನ್ನೇ ಬೈದಿದ್ದರೆ ಚೆನ್ನಾಗಿತ್ತು ಅನಿಸಿತು.

ಶನಿವಾರದ ಪಾಠದಲ್ಲಿ ಅದೇ ಚಿತ್ರಗಳನ್ನು ಮೊದಲ ವರ್ಷದವರಿಗೆ ಅವಳೇ ತೋರಿಸಬೇಕೆಂದು ಪ್ರಮಿಲಾ ಹೇಳಿದರು. ತೋರಿಸಿದಳು. ಸ್ಕ್ಯಾನ್ ಮಾಡಿದವರು ಯಾರು ಎಂದು ಒಬ್ಬ ಕೇಳಿದಾಗ ನಾನೇ ಎಂದಳು. ಕೆಲವರು ಪುಸ್ತಕ ನೋಡುತ್ತ ಕೂತರು.

ಮೂರು ವಾರಕ್ಕೆ ಮನ್ಮಥಪ್ಪ ಮತ್ತೆ ಸ್ಕ್ಯಾನಿಗೆ ಬಂದ. ಇಳಿದುಹೋಗಿದ್ದ, ಅಂಗಿ ಹೆಗಲಿನಿಂದ ಜೋತುಬಿದ್ದಿತ್ತು. ಅವಳನ್ನು ಕಂಡ ಕಸ್ತೂರಿಬಾಯಿ ಬಾಗಿಲಲ್ಲೇ ನಿಂತಳು.

"ನೀವು ಬ್ಯಾಡ್ರಿ. ಬ್ಯಾರೆ ಡಾಕ್ಟರ್ ನೋಡ್ಲಿ."

"ಆತ್ರಿ," ಎಂದು ಐಶ್ವರ್ಯಾ ಸಹಪಾಠಿ ಮಕರಂದನನ್ನು ಕರೆದಳು. ಅವನು ನೋಡುತ್ತ ಹೇಳಿದ್ದನ್ನು ತಾನು ಟೈಪ್ ಮಾಡಿದಳು. ಕೀವು ಎಲ್ಲೂ ಇರಲಿಲ್ಲ. ಕರುಳಿನ ಹಿಂದಿನ ಒಂದು ಭಾಗ ಗಾಳಿಯಿಂದಾಗಿ ಕಂಡಿರಲಿಲ್ಲ; ಅದನ್ನೂ ಬರೆದು, ಗಂಡಹೆಂಡಿರಿಬ್ಬರಿಗೂ ಬಾಯಿಬಿಟ್ಟು ಹೇಳಿದಳು.

ಮನ್ಮಥಪ್ಪ ಹೊಟ್ಟೆಯ ಜೆಲ್ ಒರೆಸಿಕೊಂಡು ಎದ್ದ. ಕಸ್ತೂರಿಬಾಯಿ ರಿಪೋರ್ಟ್ ಕೈಗೆ ತೆಗೆದುಕೊಂಡಳು. ಮಕರಂದ ಅಲ್ಲೇ ಇದ್ದರೂ ಕೇಳಿದ್ದು ಐಶ್ವರ್ಯಾಳನ್ನು.

"ಅಷ್ಟು ಕಾಣಲಿಲ್ಲಂದ್ರ ಮತ್ತ ಬರಬೇಕೇನ್ರಿ?"

"ಜ್ವರ ಬಂದ್ರ, ನೋವಾದ್ರ ಅವತ್ತೇ ಬರ್ರಿ. ಇಲ್ಲಂದ್ರ ಬ್ಯಾಡ್ರಿ."

ಆಕೆ ತಲೆಯಾಡಿಸಿ, ಗಂಡನ ತೋಳು ಹಿಡಿದು ಔರಾದಿನ ಬಸ್ಸಿಗೆ ಹೊರಟಳು.