ಗೋಡೆ ಕಡೆ ತಿರುಗಿಸಿದ ಟ್ಯಾಬ್

ಹೊಂಗನೂರಿನ ಚಿನ್ನಮ್ಮನಿಗೆ ಈಗ ಊಟದ ಹೊತ್ತು ಬಂತೆಂದರೆ ಎದೆ ಡವಡವ. ಗಂಡ ಲಕ್ಷ್ಮಯ್ಯನಿಗೆ ಲಕ್ವ ಹೊಡೆದಿತ್ತು. ತಿಂದದ್ದು ಶ್ವಾಸಕೋಶಕ್ಕೆ ಇಳಿದು, ಜ್ವರ ಬಂದು, ಆಸ್ಪತ್ರೆ ಸೇರಿ ಬಂದದ್ದೂ ಆಗಿತ್ತು. ಇನ್ನೊಂದು ಸಲ ಹೀಗಾದರೆ ಕಷ್ಟ ಎಂದಿದ್ದರು ಡಾಕ್ಟರು.

ಇಂಥದರಲ್ಲಿ ನುಂಗುವುದನ್ನು ಕಲಿಸಲು ಬಂದವಳು ಶೀಬಾ, ಇನ್ನೂ ಕಾಲೇಜಿನಲ್ಲಿ ಈ ಚಿಕಿತ್ಸೆ ಓದುತ್ತಿರುವ ಹುಡುಗಿ! ಬಂದವಳೇ ಮಂಚದ ಪಕ್ಕ ಟ್ಯಾಬ್ ನಿಲ್ಲಿಸಿದಳು. ಅದರಲ್ಲಿ ಅವಳಿಗೆ ಪಾಠ ಹೇಳುವ ಮೇಡಂ ಮುಖ.

"ಏನವ್ವಾ, ಕಲಿಯಾಕೆ ನಮ್ಮನೆಯವ್ರ ಗಂಟ್ಲೇ ಬೇಕಾಯ್ತಾ?"

"ಅದುಕ್ಕೇ ಅಮ್ಮ, ಮೇಡಂ ಇರೋದು. ಕಾಲೇಜಿಂದ್ಲೇ ನೋಡ್ತಿರ್ತಾರೆ, ನಾನು ತಪ್ಪಿದ್ರೆ ಅಲ್ಲೇ ತಡೀತಾರೆ. ಅವ್ರು ನೋಡ್ದೆ ಒಂದು ಚಮಚಾನೂ ಕೊಡಲ್ಲ ನಾನು. ರೆಕಾರ್ಡ್ ಮಾಡಲ್ಲ. ನೀವಿಬ್ರೂ ಒಪ್ಪುದ್ರೆ ಮಾತ್ರ ಅವ್ರು ನೋಡ್ತಾರೆ."

"ಬಾಯಿ ಸೊಟ್ಟಗಾಗಿರೋರನ್ನ ಕಂಡೋರ್ಗೆಲ್ಲ ತೋರ್ಸಕ್ಕಿಲ್ಲ!" ಚಿನ್ನಮ್ಮ ಟ್ಯಾಬನ್ನು ಗೋಡೆ ಕಡೆ ತಿರುಗಿಸಿಯೇ ಬಿಟ್ಟಳು.

"ಸರಿ ಅಮ್ಮ, ಮೇಡಂಗೆ ಹೇಳಿ ಕಾಲ್ ಕಟ್ ಮಾಡ್ತೀನಿ."

ಮೂಲೆಯಲ್ಲಿ ನೆಂಟರು ತಂದ ಎಳನೀರಿನ ರಾಶಿ. ಶೀಬಾ ಎದ್ದು ಟ್ಯಾಬ್ ಹತ್ತಿರ ಹೋಗುವಷ್ಟರಲ್ಲಿ, "ನೀರು ತಾನೇ, ಸಲೀಸಾಗಿ ಇಳೀತದೆ" ಎನ್ನುತ್ತಾ ಚಿನ್ನಮ್ಮ ಮಲಗಿದ್ದ ಗಂಡನ ಬಾಯಿಗೆ ಅರ್ಧ ಲೋಟ ಎಳನೀರು ಹುಯ್ದಳು.

"ಸಾಕು" ಎಂದ ಲಕ್ಷ್ಮಯ್ಯ.

"ನೋಡ್ದಾ? ಒಂದ್ ಕೆಮ್ಮೂ ಬರ್ನಿಲ್ಲ!"

"ನಿಲ್ಸಿ!" ಕಾಲ್ ಇನ್ನೂ ಕಟ್ ಆಗಿರಲಿಲ್ಲ, ಗೋಡೆ ಕಡೆಯಿಂದ ಮೇಡಂ ದನಿ. "ಅವರು ಸಾಕು ಅಂದಾಗ ಗಂಟಲು ಗೊಳಗೊಳ ಅಂತು. ಶೀಬಾ, ನೆಟ್ಟಗೆ ಕೂರಿಸು! ಕೆಮ್ಮೋಕೆ ಹೇಳು! ಇನ್ನೊಂದು ಹನಿ ಬೇಡ!"

ಶೀಬಾ ಎತ್ತಿ ಕೂರಿಸಿದಳು. ಲಕ್ಷ್ಮಯ್ಯ ಕೆಮ್ಮಿದ, ಮತ್ತೆ ಕೆಮ್ಮಿದ. ಕಫದ ಜೊತೆ ಎಳನೀರು ಹೊರಬಂತು. ಚಿನ್ನಮ್ಮ ಕೈಲಿದ್ದ ಲೋಟವನ್ನು ದೂರ ಸರಿಸಿಟ್ಟಳು.

"ಅಯ್ಯೋ, ನಾನೇ ಹುಯ್ದ್ಬುಟ್ನಲ್ಲವ್ವಾ..."

"ತೆಳ್ಳಗಿರೋದೇ ಬೇಗ ದಾರಿ ತಪ್ಪಿ ಶ್ವಾಸಕೋಶಕ್ಕೆ ಹೋಗೋದಮ್ಮ," ಎಂದರು ಮೇಡಂ. "ಕೆಮ್ಮು ಬರಲಿಲ್ಲ ಅಂತ ನಂಬಬೇಡಿ. ಜ್ವರ ಬಂದ್ರೆ, ಏದುಸಿರು ಬಂದ್ರೆ ತಕ್ಷಣ ಆಸ್ಪತ್ರೆಗೆ ಕರ್ಕೊಂಡು ಹೋಗಿ."

ಚಿನ್ನಮ್ಮ ಗಂಡನ ಮುಖ ನೋಡಿದಳು. ಅವನು ಆಗಲಿ ಎಂದು ತಲೆಯಾಡಿಸಿದ. ಅವಳೇ ಟ್ಯಾಬನ್ನು ಅವನತ್ತ ತಿರುಗಿಸಿದಳು. "ನೋಡ್ಕಳವ್ವಾ, ಚೆನ್ನಾಗಿ ನೋಡ್ಕ. ಬಾಯಿ ಸೊಟ್ಟಗಿದ್ರೂ ಸರಿ, ನಮ್ಮನೆಯವ್ರು ಉಳೀಬೇಕು."

ಮೂರು ದಿನ ಹಣೆ ಮುಟ್ಟಿ ಮುಟ್ಟಿ ನೋಡಿದಳು. ಜ್ವರ ಬರಲಿಲ್ಲ.

ಲಕ್ವ ಹೊಡೆದವರಿಗೆ ಮಲಗಿಸಿ ಏನನ್ನೂ ಕುಡಿಸಬೇಡಿ, ದಯವಿಟ್ಟು! ಓದುತ್ತಿರುವವರು ಚಿಕಿತ್ಸೆಗೆ ಬಂದರೆ ಗುರುತಿನ ಚೀಟಿ ಕೇಳಿ, ವಿಡಿಯೋದಲ್ಲಿ ಇರುವವರು ಯಾರೆಂದು ಕೇಳಿ. ಹಿಡಿಸದಿದ್ದರೆ ಬೇಡ ಎನ್ನಿ, ಅದು ನಿಮ್ಮ ಹಕ್ಕು. ಒಪ್ಪಿದಿರೋ, ಕಿಟಕಿ ತೆಗೆದು ಬೆಳಕು ಬಿಡಿ. ದೂರದಲ್ಲಿರುವ ಆ ಕಣ್ಣಿಗೆ ನಿಮ್ಮವರು ಚೆನ್ನಾಗಿ ಕಾಣಲಿ!