ಅವ್ವನ ತಲೆಯ ಮೇಲೆ ಇಟ್ಟ ಕೈ

ಮೂವತ್ತು ಹುಡುಗರು ಮೂವತ್ತು ಪ್ರಬಂಧ ಬರೆದಿದ್ದರು. ಮೂವತ್ತರಲ್ಲೂ ಒಂದೇ ಮಾತು: ಮಧ್ಯಯುಗದ ಯುರೋಪಿಗೆ ಪ್ಲೇಗ್ ಬಂತು, ಜನ ಚರ್ಚಿನ ಮೇಲೆ ನಂಬಿಕೆ ಕಳೆದುಕೊಂಡರು. ಕಾಲೇಜಿನಲ್ಲಿ ಹನ್ನೊಂದು ವರ್ಷದಿಂದ ಇತಿಹಾಸ ಹೇಳಿಕೊಟ್ಟು ನನಗೆ ತಲೆ ಚಿಟ್ಟು ಹಿಡಿದಿದೆ. ನಂಬಿಕೆ ಎಲ್ಲೂ ಹೋಗಲಿಲ್ಲ, ಮಾರಾಯರೇ. ಪಾದ್ರಿಗಳು ಸತ್ತರು, ಇಲ್ಲವೆ ಓಡಿಹೋದರು. ಆಗ ಇಂಗ್ಲೆಂಡಿನ ಒಬ್ಬ ಬಿಷಪ್, ಸಾಯುವವರು ತಮ್ಮ ಪಾಪವನ್ನು ಯಾರ ಮುಂದಾದರೂ ಒಪ್ಪಿಕೊಳ್ಳಬಹುದು, ಗಂಡಸಿಲ್ಲದಿದ್ದರೆ ಹೆಂಗಸಿನ ಮುಂದೆಯೂ ಆದೀತು ಎಂದು ಪತ್ರ ಬರೆದ. ರಾಜನೋ, ಆಳುಗಳು ಸತ್ತು ಕೂಲಿ ಏರಿದ್ದೇ ತಡ, ಹಳೆಯ ಕೂಲಿಗೇ ದುಡಿಯಿರಿ ಎಂದು ಕಾನೂನು ಮಾಡಿದ. ಇದನ್ನು ಒಬ್ಬನೂ ಬರೆದಿರಲಿಲ್ಲ.

ಕೆಂಪು ಪೆನ್ನು ಹಿಡಿದು ಕೂತಿದ್ದಾಗ ನಿಜಗುಣ ಅಯ್ಯನವರು ಬಂದರು. ಈ ಪರದೇಶದಲ್ಲಿ ಅವರಿಗೆ ವಾರವಿಡೀ ವಾನ್ ಎಂಬ ಊರಿನ ಗೋದಾಮಿನಲ್ಲಿ ಕೆಲಸ, ಭಾನುವಾರ ನಾವಿರುವ ಎರಿನ್ ಮಿಲ್ಸ್ ಬಡಾವಣೆಯ ಸುತ್ತಲಿನ ಲಿಂಗಾಯತ ಮನೆಗಳಲ್ಲಿ ಪೂಜೆ. ಚಹಾ ಕೊಟ್ಟೆ.

“ರಾಜೇಶ್ವರಿ ಅಕ್ಕಾರ, ನಮ್ಮ ಸಮಾಜದ ಕಮಿಟಿಯವ್ರು ಡಿಸೈಡ್ ಮಾಡ್ಯಾರ,” ಎಂದರು. “ಕೋವಿಡ್‌ನಾಗ ಹೆಣ್ಮಕ್ಕಳು ಮಾಡಿದ ಅಂತ್ಯಕ್ರಿಯಾ ನಡಿಯೂದಿಲ್ಲಂತ. ನಿಮ್ಮವ್ವಾರದ್ದು ಮತ್ತೊಮ್ಮೆ ಮಾಡೂಣು. ಸಣ್ಣ ಪೂಜಾ, ಅರ್ಧಾ ತಾಸು.”

ನನಗೆ ಮೈಯೆಲ್ಲ ಉರಿಯಿತು. ೨೦೨೦ರ ಏಪ್ರಿಲ್‌ನಲ್ಲಿ ಅವ್ವ ತೀರಿಕೊಂಡಾಗ ಇವರು ಮನೆಯಿಂದ ಹೊರಗೆ ಬರುವಂತಿರಲಿಲ್ಲ. ಅಂತ್ಯಕ್ರಿಯೆಯಲ್ಲಿ ಅಯ್ಯನವರು ಅವ್ವನ ತಲೆಯ ಮೇಲೆ ಇಡಬೇಕಾದ ಕೈಯನ್ನು ನಾನೇ ಇಟ್ಟೆ, ಎರಡೆರಡು ಗ್ಲೌಸ್ ಹಾಕಿಕೊಂಡು. ಮಂತ್ರವನ್ನು ಅವರು ಫೋನಿನಲ್ಲಿ ಹೇಳಿದರು. ಅವ್ವನನ್ನು ಸರಿಯಾಗಿ ಕಳಿಸಿಕೊಟ್ಟೆ ಎಂಬುದೊಂದೇ ಇಷ್ಟು ವರ್ಷದಿಂದ ನನಗಿರುವ ಸಮಾಧಾನ. ಅದಕ್ಕೂ ಈಗ ಕೈ ಹಾಕಲು ಬಂದಿದ್ದರು.

“ಅವತ್ತ ನೀವ ಹೇಳಿದ್ರಿ, ನಿಮ್ಮ ಕೈನ ನನ್ನ ಕೈ ಅಂತ,” ಅಂದೆ.

“ಆವಾಗ ಎಮರ್ಜೆನ್ಸಿ ಇತ್ತರಿ.”

“ಅದ ವರ್ಷ ಬೆಳಗಾವ್ಯಾಗ ನಿಮ್ಮ ತಾಯಿನೂ ಹೋದ್ರು. ನಿಮಗ ಫ್ಲೈಟ್ ಸಿಗಲಿಲ್ಲ. ಅವರ ತಲಿ ಮ್ಯಾಲೆ ಯಾರು ಕೈ ಇಟ್ರು?”

ಅಯ್ಯನವರು ಕಪ್ಪು ಕೆಳಗಿಟ್ಟರು. “ನಮ್ಮ ತಂಗಿ.”

“ಅದನ್ನೂ ಮತ್ತ ಮಾಡ್ತೀರೇನು?”

“ಅದು ಬ್ಯಾರೆ ಅಕ್ಕಾರ. ಆಕಿ ಅಯ್ಯನೋರ ಮಗಳು.”

ಹೇಳುವಾಗ ಅವರ ಕಣ್ಣು ಒದ್ದೆಯಾಗಿತ್ತು. ನನಗೆ ಕನಿಕರ ಬಂತು, ಆದರೆ ಸಿಟ್ಟು ಅದಕ್ಕಿಂತ ಮೊದಲೇ ಬಂದಿತ್ತು. ಎದ್ದು ಅವರ ಜಾಕೆಟ್ ತಂದುಕೊಟ್ಟೆ.

“ನಾ ಗುರುಬಸವ್ವನ ಮಗಳು,” ಅಂದೆ. “ನಮ್ಮವ್ವನ ಕ್ರಿಯಾ ಆಗೇದ ಅಂತ ಕಮಿಟಿಗೆ ಹೇಳ್ರಿ.”