ಒಂದು 'ಗೆ' ಕಡಿಮೆ

ನಾನು ಟೈಪ್ ಮಾಡುವುದು ಮಾತಾಡುವಷ್ಟೇ ಬೇಗ. ಮಾತಾಡುವ ವೇಗವನ್ನಂತೂ ಕೇಳಲೇಬೇಡಿ. ವಾರ್ಡ್ ಕಚೇರಿಗೆ ಸೇರಿ ಎರಡು ತಿಂಗಳಾಗುವಷ್ಟರಲ್ಲಿ ಎಲ್ಲರೂ ನನ್ನ ಹೆಸರು ಮರೆತು 'ಎಕ್ಸ್‌ಪ್ರೆಸ್' ಎಂದು ಕರೆಯತೊಡಗಿದ್ದರು. ಆ ವಾರ ನನಗೆ ಸಿಕ್ಕಿದ್ದು ನನ್ನ ಜೀವನದ ಮೊದಲ ದೊಡ್ಡ ಕೆಲಸ. ಏಳನೇ ನಂಬರ್ ಬಸ್ಸನ್ನು ನಿಲ್ಲಿಸಿಬಿಟ್ಟಿದ್ದರಿಂದ ಜನ ರೊಚ್ಚಿಗೆದ್ದು, ಶುಕ್ರವಾರ ಮೆರವಣಿಗೆಯಲ್ಲಿ ಹೋಗಿ ಸಾರಿಗೆ ಕಚೇರಿಗೆ ಮುತ್ತಿಗೆ ಹಾಕುವುದಾಗಿ ಹೇಳಿದ್ದರು. ಮೆರವಣಿಗೆ ಹೋಗುವುದು ನಮ್ಮದೇ ಬೀದಿಯಲ್ಲಿ. ಅಂಗಡಿಯವರು, ಮನೆಯವರು ಗಾಬರಿಯಾಗದೆ ಹೇಗೆ ತಯಾರಾಗಬೇಕು ಎಂದು ಒಂದು ಕರಪತ್ರ ಬರೆದು ಹಂಚಬೇಕಿತ್ತು.

"ಒಂದು ಗಂಟೇಲಿ ಆಗುತ್ತೇನಮ್ಮಾ?" ಎಂದರು ಸೂಪರಿಂಟೆಂಡೆಂಟ್.

"ಹತ್ತು ನಿಮಿಷ ಸಾಕು ಸರ್."

"ಆತುರಗಾರನಿಗೆ ಬುದ್ಧಿ ಮಟ್ಟ ಅಂತಾರೆ."

"ನಾನು ಆತುರಗಾರ್ತಿ ಸರ್, ಗಾದೆ ನಂಗೆ ಅನ್ವಯಿಸಲ್ಲ."

ಒಂಬತ್ತೇ ನಿಮಿಷದಲ್ಲಿ ಮುಗಿಸಿದೆ. ಮುನ್ನೂರು ಪ್ರತಿ ಮಾಡಿಸಿ, ಗುರುವಾರ ಬೆಳಗ್ಗೆ ನಾನೇ ಬೀದಿಯ ಈ ತುದಿಯಿಂದ ಆ ತುದಿಗೆ ಓಡಾಡಿ ಹಂಚಿದೆ. ಕೊನೆಯದನ್ನು ಚಿಕ್ಕಮ್ಮನ ಅಂಗಡಿಯಲ್ಲಿ ಕೊಟ್ಟೆ.

ಚಿಕ್ಕಮ್ಮನದು ಕನ್ನಡಿ ಅಂಗಡಿ. ನಾನಿರುವುದು ಅದರ ಮೇಲಿನ ಮನೆಯಲ್ಲಿ, ಅವಳ ಜೊತೆ. ಅಂಗಡಿ ಶುರುವಾಗಿ ಆರು ತಿಂಗಳಾಗಿತ್ತು. ಅಲ್ಲಿಯವರೆಗೆ ಮಾರಿದ್ದೆಲ್ಲ ಗೋಡೆಗೆ ನೇತುಹಾಕುವ ಪುಟ್ಟ ಕನ್ನಡಿಗಳು. ಈಗ ಮೊದಲ ದೊಡ್ಡ ಆರ್ಡರ್ ಬಂದಿತ್ತು: ಹೊಸ ನೃತ್ಯಶಾಲೆಗೆ ಹತ್ತಡಿ ಉದ್ದ, ಆರಡಿ ಎತ್ತರದ ಒಂದೇ ಹಾಳೆಯ ಕನ್ನಡಿ. ಶುಕ್ರವಾರ ಮಧ್ಯಾಹ್ನ ಹನ್ನೆರಡರೊಳಗೆ ಅದು ಅಲ್ಲಿ ಗೋಡೆಯ ಮೇಲೆ ಕೂತಿರಬೇಕು, ಒಂದು ಗಂಟೆಗೆ ಶಾಲೆಯ ಉದ್ಘಾಟನೆ. ತಪ್ಪಿದರೆ ಆರ್ಡರ್ ಬೇರೆಯವರಿಗೆ. "ಇದು ಹೋದ್ರೆ ನಾನು ಅಂಗಡಿ ಮುಚ್ಚಿ ಮತ್ತೆ ಬೇರೆಯವ್ರ ಕಾರ್ಖಾನೇಲಿ ಗಾಜು ಕೊಯ್ಯೋಕೆ ಹೋಗ್ತೀನಿ" ಎಂದು ಚಿಕ್ಕಮ್ಮ ಆಗಲೇ ಹೇಳಿಬಿಟ್ಟಿದ್ದಳು. ಅವಳು ಸುಮ್ಮನೆ ಹೇಳುವ ಹೆಂಗಸಲ್ಲ. ಕನ್ನಡಿಯ ಮೇಲೆ ಯಾರಾದರೂ ಬೆರಳಿಟ್ಟರೂ ಬಟ್ಟೆ ಹಿಡಿದು ಓಡಿ ಬರುವವಳು.

ಚಿಕ್ಕಮ್ಮ ಕರಪತ್ರ ಓದಿದಳು. ಮತ್ತೆ ಓದಿದಳು. ಕನ್ನಡಕ ತೆಗೆದಳು.

"ಏನೇ ಇದು? 'ಬೆಳಗ್ಗೆ ಒಂಬತ್ತರಿಂದ ಬೀದಿಯಲ್ಲಿ ವಾಹನ ಸಂಚಾರ ಇರುವುದಿಲ್ಲ'?"

"ಹೌದು ಚಿಕ್ಕಮ್ಮ, ಐದನೇ ಅಂಶ. ನಾನೇ ಸೇರಿಸಿದ್ದು, ಸಾಹೇಬ್ರು ಭೇಷ್ ಅಂದ್ರು."

"ಭೇಷ್ ಅಂದ್ರಾ? ನನ್ನ ಕನ್ನಡಿ ಗಾಡಿ ಹತ್ತಕ್ಕೆ ಬರೋದು!"

ನನ್ನ ಬಾಯಿ ಮೊದಲ ಬಾರಿಗೆ ಮುಚ್ಚಿಕೊಂಡಿತು. ಆ ಅಂಶ ತೆಗೆಯೋಣವೆಂದರೆ ಪೊಲೀಸರಿಗೂ ಆಗಲೇ ಅದೇ ಆದೇಶ ಹೋಗಿತ್ತು. ಅವತ್ತೇ ಸಾಗಿಸೋಣವೆಂದರೆ ಕನ್ನಡಿಯ ಹಿಂಬದಿಯ ಬಣ್ಣ ಇನ್ನೂ ಹಸಿ. ಒಣಗಲು ಶುಕ್ರವಾರ ಬೆಳಗಿನವರೆಗೆ ಬೇಕು. ಒಂಬತ್ತಕ್ಕೆ ಮುಂಚೆ ಬಾ ಎಂದರೆ ಗಾಡಿಯವನು ಊರಾಚೆ ಬೇರೆ ಬಾಡಿಗೆ ಒಪ್ಪಿಕೊಂಡಿದ್ದ.

ಅಷ್ಟರಲ್ಲಿ ಪಕ್ಕದ ಹೇರ್ ಕಟಿಂಗ್ ಅಂಗಡಿಯ ಅಂಕಲ್ ಕರಪತ್ರ ಬೀಸುತ್ತಾ ಒಳಗೆ ಬಂದರು. ಮುಖ ಗಂಭೀರ.

"ಎಕ್ಸ್‌ಪ್ರೆಸ್ಸಮ್ಮಾ, ನಾಳೆ ಹಲ್ಲುಜ್ಜಿಕೊಂಡು ಬಂದ್ರೆ ಸಾಕಾ, ಇಲ್ಲಾ ಸೆಂಟೂ ಹಾಕ್ಕೋಬೇಕಾ?"

"ಯಾಕಂಕಲ್?"

"ನೀನೇ ಬರ್ದಿದೀಯಲ್ಲ." ಅಂಕಲ್ ಸುದ್ದಿ ಓದುವವರಂತೆ ಗಂಟಲು ಸರಿಮಾಡಿಕೊಂಡರು. "'ಶುಕ್ರವಾರ ಹನ್ನೊಂದಕ್ಕೆ ಮುತ್ತಿಗೆ ಸಿದ್ಧರಾಗಿ. ಬಾಗಿಲು ಅರ್ಧ ತೆರೆದಿಡಿ. ಗಾಬರಿಯಾಗಬೇಡಿ. ವಯಸ್ಸಾದವರಿಗೆ ಮೊದಲು ದಾರಿ ಬಿಡಿ. ಬಂದವರಿಗೆ ಕುಡಿಯಲು ನೀರು ಕೊಡಿ.'"

ನಾನು ಕರಪತ್ರ ಕಿತ್ತುಕೊಂಡು ನೋಡಿದೆ. 'ಮುತ್ತಿಗೆಗೆ ಸಿದ್ಧರಾಗಿ' ಎಂದಿರಬೇಕಿತ್ತು. ನನ್ನ ಬೆರಳು ಓಡುವ ಭರದಲ್ಲಿ ಒಂದು 'ಗೆ' ನುಂಗಿಬಿಟ್ಟಿತ್ತು. ಮುತ್ತಿಗೆಗೆ ಅಲ್ಲ, ಮುತ್ತಿಗೆ! ಇಡೀ ಬೀದಿಗೆ, ವಾರ್ಡ್ ಕಚೇರಿಯ ಮೊಹರಿನೊಂದಿಗೆ!

"ವಯಸ್ಸಾದವರಿಗೆ ಮೊದಲು" ಎಂದು ಅಂಕಲ್ ಮೀಸೆ ತಿರುವಿದರು. "ಆ ಅಂಶ ನಂಗೆ ತುಂಬಾ ಹಿಡಿಸ್ತು."

ಚಿಕ್ಕಮ್ಮ ಕೋಪದಲ್ಲೇ ಇದ್ದಳು, ಆದರೆ ನಗು ಕೇಳಬೇಕಲ್ಲ. ಮೇಜು ಹಿಡಿದುಕೊಂಡು ನಗಲು ಶುರುಮಾಡಿದಳು. ನಗುತ್ತಲೇ ಕಣ್ಣೊರೆಸಿಕೊಂಡು, "ಮಾತು ಆಡಿದ್ರೆ ಹೋಯ್ತು, ಮುತ್ತು ಒಡೆದ್ರೆ ಹೋಯ್ತು. ನೀನು ಎರಡನ್ನೂ ಒಂದೇ ಕಾಗದದಲ್ಲಿ ಮುಗಿಸಿದೀಯ. ಕನ್ನಡಿ ಒಂದು ಬಾಕಿ" ಎಂದಳು. ಆ ಕೊನೆಯ ಮಾತಿಗೆ ಅವಳ ನಗು ನಿಂತಿತು.

ಸೂಪರಿಂಟೆಂಡೆಂಟ್ ಫೋನ್ ಬಂದಾಗ ನಾನು ಕಿವಿಯಿಂದ ಒಂದು ಅಡಿ ದೂರ ಹಿಡಿದುಕೊಂಡೆ. ಆದರೂ ಕೇಳಿಸಿತು. ತಿದ್ದಿ ಮತ್ತೆ ಹಂಚುವುದಕ್ಕೆ ಹೊರಟರೆ ಯಾರೂ ಹಳೆಯದನ್ನು ವಾಪಸ್ ಕೊಡಲಿಲ್ಲ. "ಇದನ್ನ ಫ್ರೇಮ್ ಹಾಕಿಸ್ತೀವಿ" ಎಂದರು. ಒಂದು ಲಾಭವೂ ಆಗಿತ್ತು: ಬುಧವಾರದವರೆಗೆ ಶಟರ್ ಎಳೆದು ಊರು ಬಿಡುವ ಮಾತಾಡುತ್ತಿದ್ದವರೆಲ್ಲ ಈಗ ಕುಂಡಗಳನ್ನು ಒಳಗಿಟ್ಟು, ಬೈಕುಗಳನ್ನು ಅಡ್ಡರಸ್ತೆಗೆ ಸರಿಸಿ, ಬಾಗಿಲಲ್ಲಿ ನೀರಿನ ಕ್ಯಾನ್ ಇಡುತ್ತಾ ನಗುತ್ತಿದ್ದರು. ನಕ್ಕವರು ಹೆದರುವುದಿಲ್ಲ ನೋಡಿ.

ಆದರೆ ಕನ್ನಡಿ? ಗಾಡಿ ಬರುವುದಿಲ್ಲವೆಂದರೆ ಕೈಯಲ್ಲೇ ಹೊರಬೇಕು. ಅರ್ಧ ಕಿಲೋಮೀಟರ್ ದೂರ, ಸಾರಿಗೆ ಕಚೇರಿಯ ಎದುರಿಗೇ ನೃತ್ಯಶಾಲೆ. ದೊಡ್ಡ ಗಾಜನ್ನು ನಿಲ್ಲಿಸಿಯೇ ಹೊರಬೇಕು. ಮಲಗಿಸಿದರೆ ತನ್ನ ಭಾರಕ್ಕೆ ತಾನೇ ನಡು ಮುರಿದುಕೊಳ್ಳುತ್ತದೆ. ಎಂಟು ಜನ ಬೇಕು, ಎಂಟೂ ಜನರ ಹೆಜ್ಜೆ ಒಂದೇ ಆಗಬೇಕು. ಇದ್ದವರು ಚಿಕ್ಕಮ್ಮ, ನಾನು, ಮತ್ತು ಸೊಂಟನೋವಿನ ಅಂಕಲ್.

ಶುಕ್ರವಾರ ಹನ್ನೊಂದಾಯಿತು. ಬೀದಿಯ ತುದಿಯಲ್ಲಿ ಘೋಷಣೆ ಕೇಳಿತು. ಮುಂದೆ ಬರುತ್ತಿದ್ದವರು ನಿವೃತ್ತ ಟೀಚರ್. ಇಡೀ ಚಳವಳಿ ಅವರದ್ದೇ. ಅವರ ಕೈಯಲ್ಲಿದ್ದ ಫಲಕ ನೋಡಿ ನಾನು ಬಾಗಿಲ ಹಿಂದೆ ಅಡಗಿಕೊಂಡೆ: 'ಮುತ್ತಿಗೆ ಸಿದ್ಧರಾಗಿಯೇ ಬಂದಿದ್ದೇವೆ!' ಬೀದಿಯುದ್ದಕ್ಕೂ ಚಪ್ಪಾಳೆ.

ನಮ್ಮ ಅಂಗಡಿಯ ಮುಂದೆ ನೀರು ಕುಡಿಯಲು ನಿಂತಾಗ ಟೀಚರ್ ಮುಖ ಬಾಡಿತ್ತು.

"ಐನೂರು ಜನ ಬರ್ತಾರೆ ಅಂದುಕೊಂಡಿದ್ದೆ ಕಣಮ್ಮ. ಎಂಬತ್ತಾಗಿದೆ ಅಷ್ಟೆ."

"ಯಾಕೆ ಟೀಚರ್?" ಎಂದಳು ಚಿಕ್ಕಮ್ಮ.

"ಬಸ್ಸಿಲ್ಲ ಅಂತ ಪ್ರತಿಭಟನೆ. ಪ್ರತಿಭಟನೆಗೆ ಬರೋಕೆ ಬಸ್ಸಿಲ್ಲ!"

ಹೇಳಿಮುಗಿಸುವಷ್ಟರಲ್ಲಿ ಅವರ ಕಣ್ಣು ನಮ್ಮ ದೊಡ್ಡ ಕನ್ನಡಿಯ ಮೇಲೆ ಬಿತ್ತು. ಅವರ ಹಿಂದಿದ್ದವರೂ ನೋಡಿದರು. ಒಬ್ಬರು ತಲೆ ಸರಿಮಾಡಿಕೊಂಡರು, ಒಬ್ಬರು ಮುಷ್ಟಿ ಎತ್ತಿ ನೋಡಿ ಸ್ವಲ್ಪ ಎತ್ತರಿಸಿದರು. ಕನ್ನಡಿಯೊಳಗೂ ಎಂಬತ್ತು ಜನ ನಿಂತಿದ್ದರು. ಎಂಬತ್ತಕ್ಕೆ ಎಂಬತ್ತು...

"ಟೀಚರ್!" ನನ್ನ ಬಾಯಿಯ ಬೀಗ ಬಿಚ್ಚಿಕೊಂಡಿತು. "ಟೀಚರ್ ನಿಮಗೆ ಜನ ಬೇಕು ನಮಗೆ ಕೈ ಬೇಕು ಈ ಕನ್ನಡಿ ಸಾರಿಗೆ ಕಚೇರಿ ಎದುರಿಗೇ ಹೋಗ್ಬೇಕು ಮೆರವಣಿಗೆ ಪಕ್ಕದಲ್ಲಿ ಉದ್ದಕ್ಕೆ ಹಿಡಿದ್ರೆ ನೀವು ಎಂಬತ್ತಲ್ಲ ನೂರರವತ್ತು!"

"ಉಸಿರು ತಗೋ ಮಗು" ಎಂದರು ಟೀಚರ್. ಆಮೇಲೆ ಕನ್ನಡಿಯನ್ನು ನೋಡಿ ಮೆಲ್ಲಗೆ ನಕ್ಕರು. "ಕನ್ನಡಿಯೊಳಗಿನ ಗಂಟು ಕೈಗೆ ಸಿಗಲ್ಲ ಅಂತ ಮಕ್ಕಳಿಗೆ ಮೂವತ್ತು ವರ್ಷ ಪಾಠ ಮಾಡಿದೀನಿ. ಜನ ಸಿಗ್ತಾರೇನೋ ನೋಡೇಬಿಡೋಣ."

ಎಂಟು ಗಟ್ಟಿ ಜನರಿಗೆ ಚಿಕ್ಕಮ್ಮ ಚರ್ಮದ ಕೈಗವಸು ತೊಡಿಸಿದಳು, ಕನ್ನಡಿಯ ಅಡಿಗೆ ಹಾಕಿ ಎತ್ತಲು ದಪ್ಪ ಬಟ್ಟೆಯ ಪಟ್ಟಿಗಳನ್ನು ಕೊಟ್ಟಳು. ಕನ್ನಡಿ ಎದ್ದಿತು.

"ಏಳನೇ ನಂಬರ್..." ಎಂದರು ಟೀಚರ್.

"ಬಸ್ಸು ಬೇಕು!" ಎಂದಿತು ಗುಂಪು. ಎಡಗಾಲು, ಬಲಗಾಲು. ಹೆಜ್ಜೆ ತಾನಾಗಿಯೇ ಒಂದಾಯಿತು.

"ಸ್ವಲ್ಪ ನಿಧಾನವಾಗಿ ಸಿಟ್ಟಾಗ್ರಪ್ಪಾ!" ಚಿಕ್ಕಮ್ಮ ಪಕ್ಕದಲ್ಲೇ ಓಡುತ್ತಾ ಕೂಗಿದಳು. "ಮುಂದೆ ಗುಂಡಿ ಇದೆ! ಘೋಷಣೆ ಉದ್ದ ಎಳೀರಿ!"

"ಏಳನೇಏಏ ನಂಬಅಅರ್..." ಎಂದು ಟೀಚರ್ ರಾಗ ಎಳೆದರು. ಗುಂಡಿ ದಾಟಿತು. ಅಂಗಡಿಯವರು ಕನ್ನಡಿಯಲ್ಲಿ ಮುಖ ನೋಡಿಕೊಳ್ಳಲೆಂದು ಹೊರಗೆ ಬಂದವರು ಹಾಗೇ ಜೊತೆಗೆ ನಡೆಯತೊಡಗಿದರು. ಅಂಕಲ್ ಅಂತೂ ಅರ್ಧ ಗಡ್ಡ ಬೋಳಿಸಿದ್ದ ಗಿರಾಕಿಯ ಸಮೇತ ಬಂದುಬಿಟ್ಟರು. ಸಾರಿಗೆ ಕಚೇರಿ ತಲುಪುವ ಹೊತ್ತಿಗೆ ನಿಜವಾಗಿಯೇ ಇನ್ನೂರಾಗಿದ್ದೆವು. ಕನ್ನಡಿಯವರನ್ನು ಸೇರಿಸಿದರೆ ನಾನೂರು.

ಎರಡನೇ ಮಹಡಿಯ ಕಿಟಕಿಯಿಂದ ನೋಡಿದ ಅಧಿಕಾರಿ ದಡದಡನೆ ಇಳಿದು ಬಂದರು. ಮೆಟ್ಟಿಲ ಮೇಲೆ ನಿಂತಾಗ ಎದುರಿನ ಕನ್ನಡಿಯಲ್ಲಿ ಜನರ ನಡುವೆ ಅವರೂ ಕಂಡರು.

"ನೋಡಿ, ಸಾಹೇಬ್ರೂ ನಮ್ಮ ಕಡೇನೇ!" ಎಂದು ಅಂಕಲ್ ಕೂಗಿದ್ದೇ ತಡ, ಅಧಿಕಾರಿಯೂ ನಕ್ಕುಬಿಟ್ಟರು. ಸೋಮವಾರದಿಂದ ದಿನಕ್ಕೆ ಆರು ಸಲ ಬಸ್ಸು ಓಡುತ್ತದೆ ಎಂದು ಬರೆದುಕೊಡಲು ಒಪ್ಪಿದರು.

"ಟೈಪ್ ಮಾಡೋರು ಯಾರಾದ್ರೂ ಇದ್ದೀರಾ?" ಎಂದು ಟೀಚರ್ ಕೇಳಿದಾಗ ಇಡೀ ಬೀದಿ ಒಂದೇ ದನಿಯಲ್ಲಿ, "ಅವಳು ಬೇಡ!" ಎಂದಿತು. ಕೊನೆಗೆ ನಾನೇ ಮಾಡಿದೆ. ನಾಲ್ಕು ಸಾಲಿಗೆ ಇಪ್ಪತ್ತು ನಿಮಿಷ. ಪ್ರತಿ 'ಗೆ'ಯನ್ನೂ ಬೆರಳಿಟ್ಟು ಎಣಿಸಿದೆ.

ಅಷ್ಟರಲ್ಲಿ ಆ ಎಂಟು ಜನ ಕನ್ನಡಿಯನ್ನು ಎದುರಿನ ನೃತ್ಯಶಾಲೆಯೊಳಗೆ ಹೊತ್ತೊಯ್ದಿದ್ದರು. ಕಾಗದ ಕೊಟ್ಟು ನಾನೂ ಅಲ್ಲಿಗೆ ಓಡಿದೆ. ಹನ್ನೆರಡಕ್ಕೆ ಐದು ನಿಮಿಷ ಇತ್ತು. ಕನ್ನಡಿ ಗೋಡೆಯ ಮೇಲೆ ಕೂತಿತ್ತು, ಒಂದು ಗೀರೂ ಇರಲಿಲ್ಲ. ಚಿಕ್ಕಮ್ಮ ಕೊನೆಯ ಬೆರಳಚ್ಚು ಒರೆಸಿ, ಬಟ್ಟೆ ಮಡಚಿ ಹೆಗಲಿಗೆ ಹಾಕಿಕೊಂಡಳು. ಅತ್ತಿತ್ತ ನೋಡಿದಳು. ನಾನು ಬಾಗಿಲಲ್ಲಿರುವುದು ಕಾಣಲಿಲ್ಲ. ಮುಂದೆ ಬಾಗಿ ಕನ್ನಡಿಗೆ ಪಚಕ್ಕನೆ ಒಂದು ಮುತ್ತು ಕೊಟ್ಟಳು. ತುಟಿಯ ಗುರುತು ಮಸುಕಾಗಿ ಮೂಡಿತು.

"ಒರೆಸಲ್ವಾ ಚಿಕ್ಕಮ್ಮ?"

ಅವಳು ಬೆಚ್ಚಿ ತಿರುಗಿದಳು. ಆಮೇಲೆ ಗತ್ತಿನಿಂದ ಸೊಂಟಕ್ಕೆ ಕೈಯಿಟ್ಟಳು.

"ಯಾಕೆ ಒರೆಸ್ಬೇಕು? ಸರ್ಕಾರಿ ಆದೇಶ ಕಣೇ, ಮೊಹರು ಬಿದ್ದಿದೆ!"